ಹದಿನಾಲ್ಕು ಎಂಜಿನ್, ಒಂದೇ ಹೆಸರು

"ಡಿಕೋಡರ್ ತಾನೆ? ಹತ್ತೇ ನಿಮಿಷ," ಎಂದ ರಸೆಲ್ ಪಿಂಚ್‌ಬೆಕ್.

ಸೋಮವಾರ ಬೆಳಿಗ್ಗೆ ಅವನ ಬಾಯಿಂದ ಬಿದ್ದ ಈ ಮುತ್ತನ್ನು ಅವನ ಹೆಂಡತಿ ಗ್ಲೆನಿಸ್ ಶುಕ್ರವಾರದವರೆಗೂ ಜೋಪಾನವಾಗಿ ಇಟ್ಟುಕೊಂಡು, ದಿನಕ್ಕೆ ಮೂರು ಹೊತ್ತು ಅವನಿಗೇ ತೊಡಿಸುತ್ತಿದ್ದಳು.

ಗೌಲ್‌ಬರ್ನ್ ಊರಿನ ಆಟದ ರೈಲು ಸಂಘದಲ್ಲಿ ರಸೆಲ್‌ನನ್ನು ಎಲ್ಲರೂ 'ಡಿಕೋಡರ್ ಡಾಕ್ಟರ್' ಎಂದೇ ಕರೆಯುತ್ತಿದ್ದರು. ಎಲ್ಲರೂ ಎಂದರೆ, ಮೊದಲು ಅವನು ತನ್ನನ್ನು ಹಾಗೆ ಕರೆದುಕೊಂಡ, ಬೇರೆಯವರು ಆಕ್ಷೇಪಿಸಲಿಲ್ಲ. ಡಿಕೋಡರ್ ಎಂದರೆ ಹೆಬ್ಬೆರಳ ಉಗುರಿನಷ್ಟು ದೊಡ್ಡ ಹಸಿರು ಚೂರು. ಗೇಣುದ್ದದ ಎಂಜಿನ್ನಿನ ಹೊಟ್ಟೆಯಲ್ಲಿ ಕೂತು, ಹಳಿಯ ಮೇಲಿಂದ ಬರುವ ಅಪ್ಪಣೆ ಕೇಳಿ ಓಡು ಎಂದರೆ ಓಡಿಸುತ್ತದೆ, ನಿಲ್ಲು ಎಂದರೆ ನಿಲ್ಲಿಸುತ್ತದೆ. ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಅದೇ ಅದರ ಹೆಸರು. ರಿಮೋಟಿನಲ್ಲಿ ಆ ಹೆಸರು ಹಿಡಿದು ಕರೆದರಷ್ಟೇ ಓಗೊಡುತ್ತದೆ. ಈ ವಿಧೇಯತೆ ಕಂಡೇ ರಸೆಲ್ ಅದಕ್ಕೆ ಮರುಳಾದದ್ದು. ಮನೆಯಲ್ಲಿ ಇನ್ನಾರೂ ಅವನು ಕರೆದರೆ ಓಗೊಡುತ್ತಿರಲಿಲ್ಲ.

ಆ ಸೋಮವಾರ ಬಿಸ್ಕತ್ ಡಬ್ಬಿಯೊಂದನ್ನು ಎದೆಗವಚಿಕೊಂಡು ಬಂದವಳು ನೆರಿಡಾ. ಅವಳ ಗಂಡ ಮರ್ವಿನ್ ಮಾರ್ಚಿನಲ್ಲಿ ತೀರಿಕೊಂಡಿದ್ದ. ಮೂವತ್ತು ವರ್ಷ ರಸೆಲ್‌ನ ಪಕ್ಕದಲ್ಲಿ ಕೂತು ಎಂಜಿನ್ ಓಡಿಸಿದ, ಅಷ್ಟೂ ವರ್ಷದಲ್ಲಿ ಹತ್ತು ವಾಕ್ಯ ಆಡಿದನೋ ಇಲ್ಲವೋ ಎನ್ನುವಂಥ ಮನುಷ್ಯ. ಡಬ್ಬಿಯೊಳಗೆ, ಹಳೆಯ ಅಂಗಿಯೊಂದರಲ್ಲಿ ಸುತ್ತಿಟ್ಟ ಅವನ ಕಪ್ಪು ಎಂಜಿನ್ ಇತ್ತು. ಹೊಗೆ, ಮಸಿ, ಎಣ್ಣೆಯ ಕಲೆ ಎಲ್ಲವನ್ನೂ ಮರ್ವಿನ್ ಸಣ್ಣ ಕುಂಚದಲ್ಲಿ ತಾನೇ ಬರೆದಿದ್ದ.

"ಎರಡು ವರ್ಷದಿಂದ ಇದನ್ನ ಓಡಿಸೇ ಇರ್ಲಿಲ್ಲ ಅವನು," ಎಂದಳು ನೆರಿಡಾ. "ಯಾಕೆ ಅಂತ ಕೇಳಿದ್ರೆ, ಇರ್ಲಿ ಬಿಡು ಅಂತಿದ್ದ. ಶನಿವಾರ ಪ್ರದರ್ಶನದಲ್ಲಿ ಒಂದೇ ಒಂದು ಸುತ್ತು ಓಡಿದ್ರೆ ನೋಡ್ಬೇಕು ಅಂತ ಆಸೆ, ರಸ್. ಆಗಲ್ಲ ಅಂದ್ರೂ ಪರವಾಗಿಲ್ಲ."

'ಆಗಲ್ಲ' ಎಂಬ ಪದ ಕಿವಿಗೆ ಬಿದ್ದೊಡನೆ ಡಾಕ್ಟರರ ಎದೆ ಉಬ್ಬಿತು. ಹತ್ತು ನಿಮಿಷದ ಮಾತು ಹೊರಬಿತ್ತು.

ಸಂಘದ ಹಳಿಗಳೆಲ್ಲ ಹಾಸಿದ್ದು ರಸೆಲ್‌ನ ಗ್ಯಾರೇಜಿನಲ್ಲಿ. ಗ್ಯಾರೇಜಿನಲ್ಲೇ ಗ್ಲೆನಿಸ್‌ಳ ಬಟ್ಟೆ ಒಗೆಯುವ ಯಂತ್ರವೂ ಇತ್ತು. ಅದರ ಮೇಲೆ ಹಾದುಹೋಗುವ ಸೇತುವೆಯ ಬಗ್ಗೆ ಇಬ್ಬರಿಗೂ ಹನ್ನೆರಡು ವರ್ಷದ ವ್ಯಾಜ್ಯ. ಹಳಿಯ ಮೇಲೆ ಶನಿವಾರಕ್ಕೆಂದು ಸದಸ್ಯರ ಹದಿನಾಲ್ಕು ಎಂಜಿನ್‌ಗಳು ಮದುವೆ ಗಂಡುಗಳಂತೆ ಸಿಂಗಾರಗೊಂಡು ನಿಂತಿದ್ದವು.

ರಸೆಲ್ ಮರ್ವಿನ್‌ನ ಎಂಜಿನ್ನನ್ನು ಪರೀಕ್ಷೆಯ ತುಂಡು ಹಳಿಯ ಮೇಲಿಟ್ಟು ಗುಂಡಿ ಒತ್ತಿದ. ರಿಮೋಟಿನ ಪುಟ್ಟ ಪರದೆಯಲ್ಲಿ ಉತ್ತರ ಮೂಡಿತು: ಡಿಕೋಡರ್ ಇಲ್ಲ.

"ಗಾಲಿ ಕೊಳೆಯಾಗಿದೆ," ಎಂದ. ಗಾಲಿ ಒರೆಸಿದ. ಡಿಕೋಡರ್ ಇಲ್ಲ. "ಹಳಿ ಕೊಳೆಯಾಗಿದೆ." ಹಳಿ ಉಜ್ಜಿದ. ಡಿಕೋಡರ್ ಇಲ್ಲ. ಮಂಗಳವಾರವಿಡೀ ತಂತಿ ಬದಲಾಯಿಸಿದ, ರಿಮೋಟ್ ಬದಲಾಯಿಸಿದ, ಕನ್ನಡಕ ಬದಲಾಯಿಸಿದ. ಪರದೆ ಮಾತು ಬದಲಾಯಿಸಲಿಲ್ಲ.

ಒಗೆಯಲು ಬಟ್ಟೆ ತಂದ ಗ್ಲೆನಿಸ್ ಬಗ್ಗಿ ಓದಿದಳು. "ಇಲ್ಲ ಅಂತ ಬರ್ದಿದೆಯಲ್ಲ."

"ಅದು ಹಾಗಂದ್ರೆ ಹಾಗಲ್ಲ. ಒಳಗಿನದ್ರ ಸೆಟ್ಟಿಂಗ್ ಕೆಟ್ಟು ಕಿವುಡಾಗಿದೆ ಅಂತ ಅರ್ಥ."

"ನಿಜವಾಗ್ಲೂ ಇಲ್ದೇ ಇದ್ರೆ?"

"ಮೂವತ್ತು ವರ್ಷದ ಅನುಭವ ಗ್ಲೆನ್, ನಂದು."

"ನಲವತ್ತೆಂಟು ವರ್ಷದ್ದು ನಂದು. ಇಲ್ಲ ಅಂದ್ರೆ ಇಲ್ಲ ಅಂತ ನಿಂಗೆ ಒಂದು ಸಲಾನೂ ಅರ್ಥ ಆಗಿಲ್ಲ. ಬಿಚ್ಚಿ ನೋಡು."

ಬಿಚ್ಚಲು ರಸೆಲ್‌ಗೆ ಕೈ ಬರಲಿಲ್ಲ. ಕವಚದ ನಾಲ್ಕೂ ತಿರುಪುಗಳ ಮೇಲೆ ಮರ್ವಿನ್ ಮಸಿಯ ಬಣ್ಣ ಬಳಿದಿದ್ದ. ತಿರುಪುಳಿ ತಾಗಿಸಿದರೆ ಬಣ್ಣ ಏಳುತ್ತದೆ. ಆ ಬಣ್ಣ ಮತ್ತೆ ಹಚ್ಚಲು ಮರ್ವಿನ್ ಇಲ್ಲ.

ಬುಧವಾರ ಮಧ್ಯಾಹ್ನ ಅವನಿಗೆ ಮಹಾ ಉಪಾಯ ಹೊಳೆಯಿತು. ಕಿವುಡನಿಗೆ ಮೆಲ್ಲಗೆ ಹೇಳಿದರೆ ಕೇಳೀತೇ? ಗಟ್ಟಿಯಾಗಿ ಕೂಗಬೇಕು. ತುಂಡು ಹಳಿಯಲ್ಲಿ ಕರೆಂಟು ಕಡಿಮೆ. ದೊಡ್ಡ ಹಳಿಗೇ ಇಟ್ಟು ಪೂರ್ತಿ ಶಕ್ತಿಯಲ್ಲಿ ಅಪ್ಪಣೆ ಕಳಿಸೋಣ: 'ಎಲ್ಲವನ್ನೂ ಮರೆತು, ಕಾರ್ಖಾನೆಯಿಂದ ಬಂದ ದಿನದಂತಾಗು.' ಹಾಗೆ ಮರೆತ ಡಿಕೋಡರಿನ ಹೆಸರು ಯಾವಾಗಲೂ ಮೂರು. ಮೂರು ಎಂದು ಕರೆದರಾಯಿತು.

ಇಟ್ಟ. ಕಳಿಸಿದ. ಮೂರು ಎಂದು ಕರೆದು, ಓಗೊಡದ ಸಿಟ್ಟಿಗೆ ವೇಗದ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ.

ಮರ್ವಿನ್‌ನ ಎಂಜಿನ್ ಮಿಸುಕಲಿಲ್ಲ. ಉಳಿದ ಹದಿನಾಲ್ಕೂ ಹೊರಟವು.

ಅದೇ ಹಳಿಯ ಮೇಲೆ ನಿಂತಿದ್ದ ಅವೆಲ್ಲವೂ ಅಪ್ಪಣೆ ಕೇಳಿಸಿಕೊಂಡಿದ್ದವು. ಕಿವುಡಾಗಿದ್ದುದು ಒಂದೇ, ಕಿವಿಯಿದ್ದವು ಹದಿನಾಲ್ಕು. ತಮ್ಮ ತಮ್ಮ ಹೆಸರು ಮರೆತು ಎಲ್ಲವೂ ಮೂರಾಗಿದ್ದವು. ಏಳು ಈ ಕಡೆಯಿಂದ, ಏಳು ಆ ಕಡೆಯಿಂದ ಸೇತುವೆಯತ್ತ ನುಗ್ಗಿದವು. ನಿಲ್ಲಿಸುವ ಗುಂಡಿ ಎಲ್ಲಿದೆಯೆಂದು ಊರಿಗೆಲ್ಲ ಪಾಠ ಹೇಳಿದ ರಸೆಲ್‌ಗೆ ಆ ಕ್ಷಣ ಅದು ಕಾಣಲಿಲ್ಲ. ಸೇತುವೆಯ ನಡುವೆ ಎರಡೂ ಪಡೆ ಸಂಧಿಸಿದವು. ಆರು ಎಂಜಿನ್‌ಗಳು ಒಂದರ ಹಿಂದೊಂದು ಕೆಳಗುರುಳಿ ಬಟ್ಟೆಯ ಬುಟ್ಟಿಗೆ, ಗ್ಲೆನಿಸ್ ಆಗಷ್ಟೇ ಹಿಂಡಿ ತೆಗೆದಿದ್ದ ಬಿಳಿ ಹೊದಿಕೆಗಳ ಮೇಲೆ ಬಿದ್ದವು. ಬಿದ್ದಲ್ಲೂ ಗಾಲಿಯ ಎಣ್ಣೆಯಲ್ಲಿ ಆರು ಗೆರೆ ಎಳೆದವು.

ಶಬ್ದಕ್ಕೆ ಓಡಿಬಂದ ಗ್ಲೆನಿಸ್ ಬುಟ್ಟಿಯನ್ನು ನೋಡಿದಳು. ಸೇತುವೆಯನ್ನು ನೋಡಿದಳು.

"ಒಂದಾದ್ರೂ ನೆಲಕ್ಕೆ ಬಿತ್ತಾ?"

"ಇಲ್ಲ."

"ನನ್ನ ಹೊದಿಕೆಗೆ ಥ್ಯಾಂಕ್ಸ್ ಹೇಳು. ಇನ್ಮೇಲೆ ಅದನ್ನ ಒಗೆಯೋನು ನೀನೇ."

ರಸೆಲ್ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಸಿದ. "ಎಲ್ಲಾನೂ ಮೂರಾಗೋಯ್ತು, ಗ್ಲೆನ್."

"ಮೂರೂ ಬಿಟ್ಟವರನ್ನ ಕಂಡಿದ್ದೆ. ಊರಿಗೆಲ್ಲ ಮೂರು ಹಂಚಿದವನನ್ನ ಈಗ್ಲೇ ನೋಡಿದ್ದು. ಏಳು, ವಾನ್‌ಗೆ ಫೋನ್ ಮಾಡು."

ವಾನ್ ಸ್ಟಿಬ್ಬರ್ಡ್ ಸಂಘದ ಕಾರ್ಯದರ್ಶಿ. ಗುರುವಾರ ಬಂದವನು ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ತನ್ನ ಹಳದಿ ಎಂಜಿನ್ನನ್ನು ಅಂಗೈಯಲ್ಲಿಟ್ಟುಕೊಂಡು, "ಇದು ಗುಡ್ಡ ಹತ್ತುವಾಗ ಉಸಿರು ಬಿಡೋ ಥರ ನಿಧಾನ ಆಗ್ಲಿ ಅಂತ ನಾಲ್ಕು ಚಳಿಗಾಲ ಕೂತು ಹೊಂದಿಸಿದ್ದೆ, ಮಾರಾಯ," ಎಂದ ಮೆಲ್ಲಗೆ.

ರಸೆಲ್ ತುಂಡು ಹಳಿ ಒರೆಸಿ ಅವನಿಗೆ ಕುರ್ಚಿ ಎಳೆದುಕೊಟ್ಟ. ಆ ದಿನವಿಡೀ ಒಂದೊಂದೇ ಎಂಜಿನ್ನನ್ನು ತುಂಡು ಹಳಿಗೆ ಕರೆತಂದು ಮರುನಾಮಕರಣ ಮಾಡಿದರು. ಹೆಸರುಗಳು ಮರಳಿದವು, ನಡೆನುಡಿ ಮರಳಲಿಲ್ಲ. ಮುದುಕರಂತೆ ಸಾಗುತ್ತಿದ್ದ ಸರಕು ಎಂಜಿನ್‌ಗಳೆಲ್ಲ ಈಗ ಬಾಲಕ್ಕೆ ಬೆಂಕಿ ಬಿದ್ದ ಹಾಗೆ ಓಡುತ್ತಿದ್ದವು.

"ಶನಿವಾರದ ಮಟ್ಟಿಗೆ ಸಾಕು," ಎಂದ ವಾನ್ ಹೊರಡುವಾಗ. "ನೆರಿಡಾದು ಏನಾಯ್ತು?"

ರಸೆಲ್ ಬಿಸ್ಕತ್ ಡಬ್ಬಿಯ ಮುಚ್ಚಳ ಹಾಕಿದ. ಇಷ್ಟು ಜನರ ಎಂಜಿನ್ ಹಾಳು ಮಾಡಿಯೂ ಅವಳದು ಇಂಚೂ ಕದಲಿರಲಿಲ್ಲ. ಡಾಕ್ಟರ್ ಪದವಿಯ ರಾಜೀನಾಮೆಯನ್ನು ಯಾರಿಗೆ ಕೊಡುವುದೆಂದೂ ಅವನಿಗೆ ತಿಳಿಯಲಿಲ್ಲ.

ಶುಕ್ರವಾರ ಊಟವಾದ ಮೇಲೆ ಗ್ಲೆನಿಸ್ ತಿರುಪುಳಿ ತಂದು ಅವನ ಮುಂದಿಟ್ಟು, ಪಕ್ಕದಲ್ಲೇ ಕೂತಳು. ರಸೆಲ್ ಉಸಿರು ಬಿಗಿಹಿಡಿದು ನಾಲ್ಕು ತಿರುಪು ಬಿಚ್ಚಿದ. ಬಣ್ಣ ಒಂದೇ ಕಡೆ, ಸಾಸಿವೆಯಷ್ಟು ಎದ್ದಿತು. ಕವಚ ಎತ್ತಿದ. ಒಳಗೆ ಡಿಕೋಡರ್ ಕೂರುವ ಜಾಗವಿತ್ತು. ಡಿಕೋಡರ್ ಇರಲಿಲ್ಲ.

ಗ್ಲೆನಿಸ್ ರಿಮೋಟನ್ನು ಎತ್ತಿಕೊಂಡು, ಅದರ ಪರದೆಯನ್ನು ದೇವರ ಪಟ ಒರೆಸುವಷ್ಟು ಗೌರವದಿಂದ ತನ್ನ ಏಪ್ರನ್ನಿನಲ್ಲಿ ಒರೆಸಿ ಕೆಳಗಿಟ್ಟಳು.

ಅಷ್ಟರಲ್ಲಿ ನೆರಿಡಾ ಕುಂಬಳಕಾಯಿ ಸ್ಕೋನ್ ಎಂಬ ಪುಟ್ಟ ಬನ್ನುಗಳನ್ನು ಹಿಡಿದು ಬಂದಳು. ರಸೆಲ್ ಬರಿದಾದ ಜಾಗವನ್ನು ತೋರಿಸಿ, ಅಲ್ಲಿ ಉಗುರಿನಷ್ಟು ಒಂದು ಹಸಿರು ಚೂರು ಇರಬೇಕಿತ್ತೆಂದು ವಿವರಿಸಿದ.

"ಹಸಿರು ಚೂರಾ?" ಎಂದಳು ನೆರಿಡಾ. "ಅದು ನಿನ್ನ ಹತ್ರಾನೇ ಇರ್ಬೇಕಲ್ಲ ರಸ್. ಎರಡು ವರ್ಷದ ಹಿಂದೆ ಪ್ರದರ್ಶನಕ್ಕೆ ಎರಡು ದಿನ ಇದ್ದಾಗ ನಿಂದು ಸುಟ್ಟುಹೋಗಿತ್ತಂತೆ? ಆವತ್ತು ಮರ್ವಿನ್ ಅಡುಗೆಮನೆ ಮೇಜಿನ ಮೇಲೆ ಇದನ್ನ ಬಿಚ್ಕೊಂಡು ಕೂತಿದ್ದ. ಏನೋ ಹಸಿರು ತೆಗೆದು ಜೇಬಿಗೆ ಹಾಕ್ಕೊಂಡು, ರಸ್‌ಗೆ ಬೇಕಂತೆ ಅಂತ ಹೊರಟ."

ರಸೆಲ್‌ಗೆ ನೆನಪಾಯಿತು. ಮರ್ವಿನ್ ಗೇಟಿನ ಆಚೆಯೇ ನಿಂತು ಕೈ ಚಾಚಿದ್ದ. "ಹಳೇ ಪೆಟ್ಟಿಗೇಲಿ ಸುಮ್ನೆ ಬಿದ್ದಿತ್ತು, ಇಟ್ಕೋ," ಎಂದಿದ್ದ. ಹಿಂದಿರುಗಿಸು ಎಂದು ಎರಡು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಯಾಕೆ ಕಪ್ಪು ಎಂಜಿನ್ ತರುವುದಿಲ್ಲವೆಂದು ರಸೆಲ್ ಕೂಡ ಒಮ್ಮೆಯೂ ಕೇಳಲಿಲ್ಲ. ಆ ಚೂರಿನಿಂದಲೇ ತನ್ನ ಕೆಂಪು ಎಂಜಿನ್ ಓಡಿಸಿ ಆ ವರ್ಷದ ಬಹುಮಾನವನ್ನೂ ಹೊಡೆದಿದ್ದ.

"ನೀನು ಅತ್ರೆ ಸ್ಕೋನ್ ಉಪ್ಪಾಗುತ್ತೆ," ಎಂದಳು ಗ್ಲೆನಿಸ್, ಈ ಸಲ ಮೆತ್ತಗೆ. "ಕೆಂಪುದನ್ನ ಬಿಚ್ಚು."

ಬಿಚ್ಚಿದ. ಹಸಿರು ಚೂರು ತನ್ನ ಹಳೆಯ ಮನೆಗೆ ಹೋಗಿ ಕೂತಿತು.

ಶನಿವಾರ ಊರ ಸಭಾಂಗಣದಲ್ಲಿ, ಗ್ಯಾರೇಜಿನಿಂದ ತಂದು ಹಾಸಿದ ಹಳಿಯ ಮೇಲೆ ಕಪ್ಪು ಎಂಜಿನ್ ಓಡಿತು. ಒಂದು ಸುತ್ತು ಸಾಕೆಂದಿದ್ದ ನೆರಿಡಾ ಕುರ್ಚಿ ಎಳೆದುಕೊಂಡು ಕೂತವಳು ಮಧ್ಯಾಹ್ನದವರೆಗೂ ಏಳಲಿಲ್ಲ; ಅದು ಸುರಂಗಕ್ಕೆ ಹೋದಾಗಲೆಲ್ಲ ಕತ್ತು ಉದ್ದ ಮಾಡಿ ಕಾಯುತ್ತಿದ್ದಳು. ರಸೆಲ್‌ನ ಕೆಂಪು ಎಂಜಿನ್ ಮೂಲೆಯ ಹಳಿಯಲ್ಲಿ ಹೆಣದಂತೆ ನಿಂತಿತ್ತು.

ಹೊರ ಊರಿನವನೊಬ್ಬ ಅದರ ಮುಂದೆ ಬಗ್ಗಿದ. "ಎಷ್ಟು ಚೆನ್ನಾಗಿದೆ. ಯಾಕೆ ಓಡ್ತಿಲ್ಲ ಇದು?"

"ಒಳಗೆ ಡಿಕೋಡರ್ ಇಲ್ಲ," ಎಂದ ರಸೆಲ್.

"ಹೌದಾ? ಇಲ್ಲ ಅಂತ ಹೇಗೆ ಕಂಡುಹಿಡೀತೀರಿ?"

ರಸೆಲ್ ಒಮ್ಮೆ ಗಂಟಲು ಸರಿಮಾಡಿಕೊಂಡ. ಆಮೇಲೆ ಬದಿಗೆ ಸರಿದು, ಚಹಾದ ಮೇಜಿನ ಹಿಂದೆ ನಿಂತಿದ್ದ ಹೆಂಡತಿಯತ್ತ ಕೈ ತೋರಿಸಿದ.

"ಅವ್ರನ್ನ ಕೇಳಿ. ನಾನು ಬರೀ ಬಟ್ಟೆ ಒಗೆಯೋನು."