ಗಾಳಿಗೆ ಬಂದ ಬಿಲ್

ತಿಂಗಳಿಡೀ ಒಂದು ಕೊಡ ನೀರೂ ಬಾರದ ನಳಕ್ಕೆ ಬಿಲ್ ಮಾತ್ರ ತಪ್ಪದೆ ಬಂತು. ಇವತ್ತೇ ಕಟ್ಟದಿದ್ದರೆ ಕನೆಕ್ಷನ್ ಕಟ್ ಎಂದು ಕೆಂಪು ಶಾಯಿಯಲ್ಲಿ ಬೇರೆ.

ರಾಯಚೂರಿನ ಹತ್ತಿ ಮಿಲ್ಲೊಂದರಲ್ಲಿ ತೂಕ ಬರೆಯುವ ಹನುಮೇಶ ಮೀಟರಿನ ಮುಂದೆ ಕುಕ್ಕರಿಸಿದ. ನೀರು ಬಂದರೆ ಸದ್ದಾಗಲಿ ಎಂದು ಓಣಿಯವರೆಲ್ಲ ನಳ ಸದಾ ಬಿಚ್ಚಿಯೇ ಇಡುತ್ತಿದ್ದರು. ಅದರಿಂದ ಬುಸ್ ಎಂದು ಗಾಳಿ ಹೊರಡುತ್ತಿತ್ತು. ಮೀಟರ್ ಮದುವೆ ಛತ್ರದ ಫ್ಯಾನಿನಂತೆ ತಿರುಗುತ್ತಿತ್ತು.

“ಗಾಳಿಗಿ ರೊಕ್ಕ ಕೊಡಂಗಿಲ್ಲ,” ಎಂದ ಹನುಮೇಶ.

ಪಕ್ಕದ ಮನೆಯ ಅನ್ವರಿ ಬೇಗಂಗೆ ಅಷ್ಟೇ ಸಾಕಾಯಿತು. ಚಹಾ ಕುದಿಯುವುದರೊಳಗೆ ಓಣಿಯೆಲ್ಲ ಸೇರಿತು. ಮೊಹರಂನಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿಯ ಮುಂದೆ, ಹನುಮೇಶ ಹೇಳಿಕೊಟ್ಟಂತೆ, ಬಿಲ್ ಸರಿಹೋಗುವ ತನಕ ತಮ್ಮ ತಮ್ಮ ನಳ ಬಿಚ್ಚುವುದಿಲ್ಲ ಎಂದು ಉಳಿದವರೆಲ್ಲ ಆಣೆ ಮಾಡಿದರು. ನಳಗಳನ್ನು ತಿರುವಿ ಬಂದ್ ಮಾಡಿ, ಮೇಲೆ ಬಟ್ಟೆ ಬಿಗಿದರು. ಕಟ್ ಮಾಡಲು ಬರುವವರಿಗೆ ಗಾಳಿ ತೋರಿಸಲು ಹನುಮೇಶನ ನಳವೊಂದನ್ನೇ ಬಿಚ್ಚಿ ಬಿಟ್ಟರು.

ಮಧ್ಯಾಹ್ನ ನೀರಿನ ಸಾಹೇಬರು ಕಟ್ ಮಾಡಲು ಬಂದರು. ಪೈಪು ಸರ್ಕಾರದ ದುಡ್ಡಿನಲ್ಲಿ ಬಂತು, ನಡೆಯುವುದು ಗ್ರಾಹಕರ ದುಡ್ಡಿನಲ್ಲಿ, ಎರಡರಲ್ಲಿ ಒಂದು ತಪ್ಪಿದರೂ ನೀರಿಲ್ಲ ಎಂದು ನೆರಳು ಹುಡುಕುತ್ತಲೇ ತಿಳಿಹೇಳಿದರು.

“ಸರ್ಕಾರದ ರೊಕ್ಕನೂ ನಮ್ಮದ, ಬಿಲ್ಲಿನ ರೊಕ್ಕನೂ ನಮ್ಮದ್ರಿ. ಗಾಳಿ ಅಷ್ಟ ನಿಮ್ಮದು. ನೋಡ್ರಿ.”

ಹನುಮೇಶ ನಳದ ಬಾಯಿಗೆ ಬಲೂನು ಕಟ್ಟಿದ. ಬಲೂನು ಗುತ್ತಿಗೆದಾರನ ಹೊಟ್ಟೆಯಂತೆ ಉಬ್ಬತೊಡಗಿತು, ಮೀಟರ್ ಓಡಿತು. ಸಾಹೇಬರು ಕನ್ನಡಕ ತೆಗೆದು ಬಗ್ಗಿದರು. ಇನ್ನೇನು ಒಪ್ಪುವವರಿದ್ದರು, ಬಲೂನು ಒಡೆದು ನೀರು ಅವರ ಮುಖಕ್ಕೇ ಚಿಮ್ಮಿತು.

ಸಾಕ್ಷಿಗೆ ನಿಂತವರೆಲ್ಲ ಓಡಿಹೋಗಿ ಕೊಡ ತಂದರು. ನಿಮ್ಮ ನಳ ಬಿಚ್ಚಿಕೊಳ್ಳಿ ಎಂದು ಹನುಮೇಶ ಅಡ್ಡ ನಿಂತ.

“ಆಣಿ ಮಾಡಿಸಿದಾಂವ ನೀನ ಅಲ್ಲೇನಪಾ,” ಅನ್ವರಿ ಬೇಗಂ ಅವನನ್ನು ಸರಿಸಿ ಕೊಡ ಇಟ್ಟಳು. “ನಮ್ಮ ನಳ ಬಿಚ್ಚಂಗಿಲ್ಲ. ನಿನ್ನ ನಳದ ಮ್ಯಾಲ ಯಾರೂ ಆಣಿ ಮಾಡಿಲ್ಲ.”

ಸಾಹೇಬರು ಮುಖ ಒರೆಸಿಕೊಂಡು, ನೀರು ಚೆನ್ನಾಗಿದೆ, ನಾಳೆಯೊಳಗೆ ಬಿಲ್ ಕಟ್ಟು ಎಂದು ಜೀಪು ಹತ್ತಿದರು. ಇಡೀ ಓಣಿಯ ನೀರು ಹನುಮೇಶನ ಮೀಟರಿನೊಳಗಿಂದ ಹಾದುಹೋಯಿತು.

ಎಲ್ಲರದೂ ತುಂಬಿದ ಮೇಲೆ ಅವನ ಹೆಂಡತಿ ದೇವಿಕಾ ತನ್ನ ಕೊಡ ಇಟ್ಟಳು. ನಳ ಬುಸ್ ಎಂದಿತು.

“ಸಾಹೇಬ್ರ, ಈಗ ನೋಡ್ರಿ,” ಎಂದು ಹನುಮೇಶ ಹೊರಗೆ ಓಡಿದ. ಜೀಪು ಆಗಲೇ ತಿರುವು ದಾಟಿತ್ತು.

ಖಾಲಿ ಓಣಿಯ ನಡುವೆ ನಿಂತು ಅವನು ಮತ್ತೆ ಹೇಳಿದ, “ಗಾಳಿಗಿ ರೊಕ್ಕ ಕೊಡಂಗಿಲ್ಲ.”

ಒಳಗೆ ಮೀಟರ್ ತಿರುಗುತ್ತಲೇ ಇತ್ತು.