ಗೋಸುಂಬಿ ಅಂದದ್ದು ಯಾರಿಗೆ?

ಶಹಾಪುರದ ನಮ್ಮ ಮನೆಯ ಹಿತ್ತಲಲ್ಲಿರುವ ಜೀವಿಗಳ ಬಗ್ಗೆ ನನ್ನಷ್ಟು ಬಲ್ಲವರು ಇಡೀ ತಾಲ್ಲೂಕಿನಲ್ಲೇ ಇಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ನೀರಿನ ಡ್ರಮ್ಮಿನ ಕೆಳಗೆ ನೆಲಗಪ್ಪೆ, ಕಂಪೌಂಡಿನ ಮೇಲೆ ಓತಿಕ್ಯಾತ, ಮೆಟ್ಟಿಲ ಸಂದಿಯಲ್ಲಿ ಹಾವುರಾಣಿ. ಆ ಹಾವುರಾಣಿ ಬಿಸಿಲಿಗೆ ಬಂದರೆ ಈಗಷ್ಟೇ ಎಣ್ಣೆ ಸವರಿಕೊಂಡ ಹಾಗೆ ಮಿಂಚುತ್ತದೆ. ಅದನ್ನು ನೋಡುತ್ತ ಎಷ್ಟು ಸಲ ಸ್ಕೂಲಿಗೆ ತಡವಾಗಿ ಹೋಗಿದ್ದೇನೋ! ನಾನು ಚಿತ್ರಕಲಾ ಶಿಕ್ಷಕ. ಬಣ್ಣ ಗುರುತಿಸುವುದೇ ನನ್ನ ಉದ್ಯೋಗ.

ಇಂಥ ಹಿತ್ತಲಿಗೆ ಪೂರಾ ಶಹಾಬಾದಿ ಫರಸಿಕಲ್ಲು ಹಾಸಬೇಕೆಂದು ನನ್ನ ಹೆಂಡತಿ ಮಹಾದೇವಿ ಹಟ ಹಿಡಿದಳು. ಮಳೆ ಬಂದರೆ ಮನೆ ತುಂಬ ಕೆಸರು ಎಂಬುದು ಅವಳ ದೂರು. ಕಲ್ಲು ಹಾಸಿದರೆ ಕಪ್ಪೆ ಎಲ್ಲಿಗೆ ಹೋಗಬೇಕು, ಕರಿಬೇವಿನ ಗಿಡದ ಗೋಸುಂಬಿ ಯಾವ ಮಣ್ಣಲ್ಲಿ ಮೊಟ್ಟೆ ಇಡಬೇಕು ಎಂದು ನಾನು ಭಾಷಣ ಬಿಗಿದೆ.

"ಗೋಸುಂಬಿ ನೋಡು ಬಾ ಅಂತ ಎಷ್ಟ ಸಲ ಕರದೀರಿ, ಅಷ್ಟೂ ಸಲ ಎಲಿನೇ ತೋರ್ಸೀರಿ. ಶರಣಪ್ಪ ಕಲ್ಲ ತರೂದ್ರೊಳಗ ಗೋಸುಂಬಿ ತೋರಸ್ರಿ, ಮಣ್ಣ ಹಂಗೇ ಬಿಡ್ತೀನಿ," ಎಂದಳು.

ಶರಣಪ್ಪ ಅವಳ ತಮ್ಮ. ಹುಣಸಗಿಯಲ್ಲಿ ಟ್ರ್ಯಾಕ್ಟರ್ ಇಟ್ಟುಕೊಂಡಿದ್ದಾನೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹಿಂದಿನ ದಿನ ಫೋನಿನಲ್ಲಿ ನನ್ನ ಮಾತು ಕೇಳಿ ಮಣ್ಣೇ ಛಲೋ ಎಂದವನು, ಅಕ್ಕನ ಕೈಗೆ ಫೋನು ಹೋದ ಕೂಡಲೇ ಫರಸಿಯೇ ಛಲೋ ಎಂದಿದ್ದ.

ಭಾನುವಾರ ಬೆಳಿಗ್ಗೆ, ರಾತ್ರಿಯ ಮಳೆಗೆ ನೆನೆದ ಹಿತ್ತಲಲ್ಲಿ, ಕರಿಬೇವಿನ ಮುಂದೆ ಸ್ಟೂಲು ಹಾಕಿ ಕೂತೆ. ಚಹಾ ಆರಿತು. ಕತ್ತು ಹಿಡಿಯಿತು. ಇನ್ನೇನು ಸೋತೆ ಎನ್ನುವಾಗ ಒಂದು ಎಲೆ ನಡೆಯತೊಡಗಿತು!

ಆಹಾ, ಆ ನಡಿಗೆಯೇ! ಒಂದು ಕಾಲು ಎತ್ತಿ, ಇಡಲೋ ಬೇಡವೋ ಎಂದು ಹಿಂದೆ ಮುಂದೆ ತೂಗಿ, ಕೊನೆಗೆ ಇಟ್ಟಿತು. ಒಂದು ಕಣ್ಣು ನೊಣದ ಮೇಲೆ, ಇನ್ನೊಂದು ನನ್ನ ಮೇಲೆ. ನೋಡನೋಡುತ್ತ ಹಸಿರು ಮೈಮೇಲೆ ಕಪ್ಪು ಪಟ್ಟೆಗಳು ಮೂಡಿದವು. ಅಡುಗೆಮನೆಯ ಕಡೆ ಮುಖ ಮಾಡಿ ಕೂಗಿದೆ.

"ಮಹಾದೇವಿ, ಲಗೂನ ಬಾ! ಗೋಸುಂಬಿ ಬಂದದ! ಹೆಂಗ ಬಣ್ಣ ಬದಲ್ಸಾಕತ್ತದ ನೋಡು!"

ಬೆನ್ನ ಹಿಂದೆ ಗೇಟು ಕಿರ್ ಎಂದಿತು. ತಿರುಗಿದರೆ ಶರಣಪ್ಪ! ಕಲ್ಲಿನ ಟ್ರ್ಯಾಕ್ಟರ್ ಬಂದು ನಿಂತ ಸದ್ದೂ ನನಗೆ ಕೇಳಿಸಿರಲಿಲ್ಲ.

"ನನಗ ಗೋಸುಂಬಿ ಅಂತೀರೇನ್ರಿ ಮಾಮಾ?" ಎಂದು ಮೆಲ್ಲಗೆ ಕೇಳಿದ. ಅವನು ಮೆಲ್ಲಗೆ ಮಾತಾಡಿದರೇ ಅಪಾಯ. ಟ್ರ್ಯಾಕ್ಟರ್ ತಿರುಗಿಸುತ್ತೇನೆ, ಇನ್ನು ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದ. ಸೌಟು ಹಿಡಿದು ಬಂದ ಮಹಾದೇವಿ, ಈಗಿಂದೀಗ ಗೋಸುಂಬಿ ತೋರಿಸದಿದ್ದರೆ ತಾನೂ ಅದೇ ಟ್ರ್ಯಾಕ್ಟರ್ ಹತ್ತುವುದಾಗಿ ಘೋಷಿಸಿದಳು. ಹಿತ್ತಲು ಉಳಿಸಲು ಹೋಗಿ ಸಂಸಾರವೇ ಹೊರಡಲು ನಿಂತಿತ್ತು!

ಗಿಡದ ಕಡೆ ತಿರುಗಿದೆ. ಗೋಸುಂಬಿ ಮಾಯ! ಅವಸರದಲ್ಲಿ ಬೆರಳು ತೋರಿಸಿದೆ, ಎಲೆ. ಇನ್ನೊಂದು ಕಡೆ ತೋರಿಸಿದೆ, ಅದೂ ಎಲೆ. ಕೊಂಬೆ ಅಲ್ಲಾಡಿಸಿದೆ, ಕೆಂಪಿರುವೆಗಳು ಶರಣಪ್ಪನ ಇಸ್ತ್ರಿ ಅಂಗಿಯ ಮೇಲೆ ಉದುರಿದವು. ಕಂಪೌಂಡಿನ ಓತಿಕ್ಯಾತನನ್ನೇ ತೋರಿಸಿ, ಇದು ಗೋಸುಂಬಿಯ ಬೀಗ ಎಂದೆ. ಯಾರೂ ನಗಲಿಲ್ಲ.

ಇರುವೆ ಕೊಡವಿಕೊಳ್ಳಲು ಶರಣಪ್ಪ ಕೈ ಎತ್ತಿದ.

"ಅಲುಗಾಡಬ್ಯಾಡೋ ತಮ್ಮಾ," ಎಂದಳು ಮಹಾದೇವಿ.

ನಾನು ಅಲ್ಲಾಡಿಸಿದ ಕೊಂಬೆಯಿಂದ ಅದು ಅವನ ಹೆಗಲಿಗೇ ಇಳಿದಿತ್ತು. ಬಿಳಿ ಅಂಗಿಯ ಮೇಲೆ ಹಸಿರು ಗೋಸುಂಬಿ, ಕುರುಡನಿಗೂ ಕಾಣುವಂತೆ! ಪುಟ್ಟ ಕಾಲುಗಳಿಂದ ಬಟ್ಟೆ ಹಿಡಿದು, ಒಂದು ಕಣ್ಣು ಹೊರಳಿಸಿ ಶರಣಪ್ಪನ ಮುಖ ನೋಡಿತು. ಅವನ ಸಿಟ್ಟು ಎಲ್ಲಿ ಹೋಯಿತೋ. ಇರುವೆ ಕಚ್ಚುತ್ತಿದ್ದರೂ ಕದಲದೆ ನಿಂತ. ಮಹಾದೇವಿಯೂ ಸೌಟು ಹಿಡಿದೇ ಬಾಯಿ ತೆರೆದು ನಿಂತಳು. ಒಗ್ಗರಣೆ ಸೀಯಿತು, ಯಾರಿಗೂ ಪರಿವೆಯಿಲ್ಲ.

"ಎಂಥಾ ಚಂದ ಅದ ಅಕ್ಕಾ," ಎಂದು ಶರಣಪ್ಪ ಪಿಸುಗುಟ್ಟಿದ. "ಫರಸಿ ಬ್ಯಾಡ ಬಿಡು. ಮಣ್ಣೇ ಛಲೋ."

ನಾನು ಗೋಸುಂಬಿಯ ಮುಂದೆ ಕರಿಬೇವಿನ ಕೊಂಬೆ ಬಾಗಿಸಿದೆ.

ಮಹಾದೇವಿ ಮಾತು ಉಳಿಸಿಕೊಂಡಳು. ಗೋಸುಂಬಿಯನ್ನು ಗಿಡಕ್ಕೆ ಬಿಟ್ಟು, ಊಟ ಮಾಡಿ, ಶರಣಪ್ಪ ಕಲ್ಲಿನ ಸಮೇತ ಹೊರಟ. ಗೆದ್ದವನ ಗತ್ತಿನಲ್ಲಿ ಒಳಗೆ ಬಂದರೆ, ನಾವು ಮೂವರೂ ತುಳಿದು ತಂದ ಕೆಸರನ್ನು ಅವಳು ಬಗ್ಗಿ ಒರೆಸುತ್ತಿದ್ದಳು. ಅವಳ ಮುಖ ನೋಡಿದ್ದೇ ತಡ, ನನ್ನ ಬಾಯಿಂದ ಬಂತು:

"ಖರೇ ಅಂದ್ರ, ಫರಸಿನೇ ಛಲೋ ಇತ್ತು ನೋಡು."

ಅವಳು ತಲೆ ಎತ್ತಲಿಲ್ಲ. "ಪಾಪ, ಸುಮ್ಮನ ನನ್ನ ತಮ್ಮಗ ಅಂದ್ರಿ. ಗೋಸುಂಬಿ ಮನಿಯೊಳಗೇ ಅದ."

ನಾನು ಇನ್ನೊಂದು ಒರೆಸುವ ಬಟ್ಟೆ ಕೈಗೆತ್ತಿಕೊಂಡೆ.