ಸಭಾ ಹಿರಿಯಳೂ ನನ್ನ ಪ್ಯಾಂಟೂ

ಚರ್ಚಿನಲ್ಲಿ ಭಾನುವಾರದ ಆರಾಧನೆಗೆ ಎಲ್ಲರಂತೆ ನಾನೂ ಭಕ್ತಿಯಿಂದ ಮೊಣಕಾಲೂರಿದೆ. ಪ್ಯಾಂಟು ಹಿಂಬದಿಯಲ್ಲಿ ಪರ್ರೆಂದು ಹರಿಯಿತು. ಆ ಹೊತ್ತಿಗೆ ಸರಿಯಾಗಿ ಸಭೆಯೆಲ್ಲ ಮೌನವಾಗಿತ್ತು. ಮುಂದೆ ನಿಂತು ಪ್ರಾರ್ಥನೆ ನಡೆಸುತ್ತಿದ್ದವಳು ನನ್ನ ಹೆಂಡತಿ. ಹೊಸದಾಗಿ ಆಯ್ಕೆಯಾದ ಸಭಾ ಹಿರಿಯಳು. ಒಂದಕ್ಷರ ತಡವರಿಸದೆ "ಆಮೆನ್" ತನಕ ಸಾಗಿದಳು. (ಹಿರಿಯರಾದವರು ಮೊದಲು ಸ್ವಂತ ಮನೆಯನ್ನು ಚೆನ್ನಾಗಿ ಆಳುವವರಾಗಿರಬೇಕಂತೆ. ಆ ಮನೆ ಎಂದರೆ ನಾನು.)

ಹೊರಗೆ ಬಂದವಳೇ, "ನಡೀರಿ, ಟೈಲರ್ ಮನೆಗೆ" ಎಂದಳು.

ಟೈಲರ್ ನಮ್ಮ ಸಭೆಯವನೇ. ಹೆಂಡತಿ ತೀರಿಕೊಂಡ ಮೇಲೆ ಕೆಲಸ ಬಿಟ್ಟು, ಬಾಗಿಲು ಹಾಕಿಕೊಂಡು ಕೂತಿದ್ದ. ಸಭಾಪಾಲಕರನ್ನೇ, ಅಂದರೆ ನಮ್ಮ ಪಾದ್ರಿಗಳನ್ನೇ, ಹೊಸ್ತಿಲಿಂದ ವಾಪಸು ಕಳಿಸಿದ್ದ. ಹೀಗೇ ಬಿಟ್ಟರೆ ಮನುಷ್ಯ ಉಳಿಯುವುದಿಲ್ಲ ಎಂದು ಇವಳಿಗೆ ಚಿಂತೆ. ಹಿರಿತನವೆಂದರೆ ಮುಂದಿನ ಸಾಲಿನ ಕುರ್ಚಿ ಮತ್ತು ಉಪದೇಶ ಎಂದು ತಿಳಿದಿದ್ದ ನಾನು ದಾರಿಯಲ್ಲೇ ಒಂದು ಸಾಂತ್ವನ ಭಾಷಣ ಸಿದ್ಧಪಡಿಸಿದೆ, ತಪ್ಪಿಹೋದ ಕುರಿಯ ಉದಾಹರಣೆ ಸಮೇತ.

ಬಾಗಿಲು ಗೇಣಗಲ ತೆರೆಯಿತು.

"ಕೆಲಸ ಬಿಟ್ಟಿದೀನಿ ಅಕ್ಕ. ಬೇರೆ ಏನೂ ಹೇಳ್ಬೇಡಿ."

"ಹೇಳಕ್ಕೆ ಬಂದಿಲ್ಲಪ್ಪ. ರೀ, ಸ್ವಲ್ಪ ತಿರುಗಿ."

ತಿರುಗಿದೆ. ಟೈಲರ್ ಬಾಗಿಲ ಸಂದಿನಿಂದಲೇ ಬಗ್ಗಿ ನೋಡಿದ.

"ಅಷ್ಟು ದೂರದಿಂದ ಹೀಗೇ ನಡೆಸ್ಕೊಂಡು ಬಂದ್ರಾ?"

"ಹಿಂದೆ ನಾನಿದ್ನಲ್ಲ."

ಬಾಗಿಲು ಪೂರ್ತಿ ತೆರೆಯಿತು.

ಪ್ಯಾಂಟು ಬಿಚ್ಚಿಕೊಟ್ಟರೆ ಸುತ್ತಿಕೊಳ್ಳಲು ನನಗೇನಾದರೂ ಬೇಕಲ್ಲ. ಹೊಲಿಗೆ ಯಂತ್ರಕ್ಕೆ ಹೊದಿಸಿದ್ದ ಬಿಳಿ ಬಟ್ಟೆಯನ್ನು ಇವಳು ಎಳೆದು ಕೊಟ್ಟಳು. ಅದನ್ನು ಧರಿಸಿ ಮೂಲೆಯ ಸ್ಟೂಲಿನಲ್ಲಿ ವಿರಾಜಮಾನನಾಗಿ, ಭಾಷಣಕ್ಕೆಂದು ಗಂಟಲು ಸರಿಮಾಡಿಕೊಂಡೆ. ಇವಳು ನೋಡಿದಳು. ಭಾಷಣ ನುಂಗಿದೆ. (ಎದುರಿನ ಕನ್ನಡಿಯಲ್ಲಿ ಕಂಡ ಕುರಿ ನಾನೇ ಆಗಿದ್ದೆ.)

ಟೈಲರ್ ದಾರ ಹಿಡಿದವನು ಹಾಗೇ ನಿಂತುಬಿಟ್ಟ. "ನಂಗೆ ಹತ್ತಿರದ್ದು ಸರಿಯಾಗಿ ಕಾಣಲ್ಲ ಅಕ್ಕ. ಸೂಜಿಗೆ ಅವಳೇ ಪೋಣಿಸಿ ಕೊಡ್ತಿದ್ಲು."

ಇವಳು ಸುಮ್ಮನೆ ಪೋಣಿಸಿದಳು. ಅವನು ಯಂತ್ರ ತುಳಿಯುತ್ತಾ ತುಳಿಯುತ್ತಾ ಹೆಂಡತಿಯ ಸುದ್ದಿ ತೆಗೆದ. ನಡುವೆ ಅತ್ತುಬಿಟ್ಟ, ಒಮ್ಮೆ ನಕ್ಕೂಬಿಟ್ಟ. ಮನೆಯಲ್ಲಿ ನನಗೆ ಒಂದು ವಾಕ್ಯ ಮುಗಿಸಲು ಬಿಡದವಳು ಅಲ್ಲಿ "ಹೂಂ" ಬಿಟ್ಟು ಬೇರೆ ಮಾತಾಡಲಿಲ್ಲ. ಕಡೆಗೆ ಅವನೇ, "ಒಂದು ಪ್ರಾರ್ಥನೆ ಮಾಡ್ತೀರಾ ಅಕ್ಕ?" ಎಂದ. ಇಷ್ಟು ವರ್ಷ ಸಂಸಾರ ಮಾಡಿದವಳನ್ನು ನಾನು ಈಗ ತಾನೇ ಕಂಡವನಂತೆ ನೋಡುತ್ತಿದ್ದೆ. ಹೊದಿಕೆ ಜಾರಿದ್ದೂ ತಿಳಿಯಲಿಲ್ಲ.

ಪ್ಯಾಂಟು ಕೊಡುತ್ತಾ ಟೈಲರ್ ಹೇಳಿದ: "ಬರೋ ಭಾನುವಾರ ಇದನ್ನೇ ಹಾಕ್ಕೊಂಡು ಬನ್ನಿ. ಹೊಲಿಗೆ ನಿಲ್ಲತ್ತಾ ಅಂತ ಹಿಂದಿನ ಬೆಂಚಲ್ಲಿ ಕೂತು ನಾನೇ ನೋಡ್ತೀನಿ."

ವಾಪಸು ಬರುವಾಗ, "ದೇವರ ಏರ್ಪಾಡು ನೋಡು, ಇವತ್ತೇ ಹರೀಬೇಕೇ" ಎಂದು ಬೆರಗಾದೆ. ನಾಲ್ಕು ಹೆಜ್ಜೆ ನಡೆದ ಮೇಲೆ ಏನೋ ಹೊಳೆಯಿತು.

"ಅಲ್ಲ ಕಣೇ, ನಿನ್ನೆ ಇದನ್ನ ಇಸ್ತ್ರಿ ಮಾಡುವಾಗ ಕೈಯಲ್ಲಿ ಕತ್ತರಿ ಯಾಕಿತ್ತು?"

"ನಾನು ಬಿಚ್ಚಿದ್ದು ಎರಡೇ ಹೊಲಿಗೆ. ಮಿಕ್ಕಿದ್ದು ನಿಮ್ಮ ಹೊಟ್ಟೆ."